ಕಡಲನ್ನು ಓದಲು ಹೋದವರು

ಮಹಾಕಾವ್ಯವೆನಿಸಬೇಕಾದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ಪ್ರಾಚೀನರು ಕಟ್ಟುಮಾಡಿದ್ದರು. ಆ ಹದಿನೆಂಟರಲ್ಲಿ ಸಮುದ್ರವರ್ಣನೆಯೂ ಒಂದು. ಆದ್ದರಿಂದ ಬಯಲುಸೀಮೆಯ ಕಾಲೇಜುಗಳಲ್ಲಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ತರುಣ ತರುಣಿಯರಿಗೆ ಕಡಲು ಅಪರಿಚಿತವಲ್ಲ. ಅದು ಅಪಾರವೆಂದು ಬಲ್ಲರು, ಗಂಭೀರವೆಂದು ಬಲ್ಲರು, ರತ್ನಾಕರವೆಂದೂ ಬಲ್ಲರು. ಪರೀಕ್ಷೆಯಲ್ಲಿ ಕೇಳಿದರೆ ಎರಡು ಪುಟ ಬರೆಯಲೂ ಬಲ್ಲರು. ಅರಿಯದಿರುವುದು ಒಂದೇ: ಮೊಣಕಾಲುದ್ದದ ನೀರಿನಲ್ಲಿ ನಿಂತವನ ಪಾದದ ಕೆಳಗಿನ ಮರಳನ್ನು ಆ ಕಡಲು ಎಷ್ಟು ಸದ್ದಿಲ್ಲದೆ ಕದ್ದೊಯ್ಯುತ್ತದೆ ಎಂಬುದು.

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕರಾವಳಿಯುಂಟು. ಅದೆಲ್ಲವೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರೇ ಜಿಲ್ಲೆಗಳ ಪಾಲು. ಮಿಕ್ಕ ಜಿಲ್ಲೆಗಳ ಮಕ್ಕಳಿಗೆ ಕಡಲು ವರ್ಷಕ್ಕೊಮ್ಮೆ, ಅನೇಕರಿಗೆ ಜನ್ಮಕ್ಕೊಮ್ಮೆ, ಒದಗುವ ದರ್ಶನ. ಚಳಿಗಾಲ ಬಂದಿತೆಂದರೆ ವಿದ್ಯಾರ್ಥಿಗಳನ್ನು ತುಂಬಿಕೊಂಡ ಬಸ್ಸುಗಳು ಸಾಲುಗಟ್ಟಿ ಘಟ್ಟವನ್ನು ಇಳಿಯುತ್ತವೆ. ಅಂತಹ ಒಂದು ಬಸ್ಸಿನಲ್ಲಿ ಹೋದವರ ಒಂದು ದಿನದ ಕಥೆ ಇದು.

ಘಟ್ಟದ ಕೆಳಗೆ

ಧಾರವಾಡದ ಕಡೆಯ ಒಂದು ಕಾಲೇಜಿನ ಮೂವತ್ತನಾಲ್ಕು ವಿದ್ಯಾರ್ಥಿಗಳು, ಇಬ್ಬರು ಉಪನ್ಯಾಸಕರು, ಒಬ್ಬ ಉಪನ್ಯಾಸಕಿ: ಇಷ್ಟು ಜನ ನಸುಕಿನ ನಾಲ್ಕು ಗಂಟೆಗೆ ಹೊರಟರು. ಬುತ್ತಿಯ ಗಂಟುಗಳಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಕಲಘಟಗಿ ದಾಟಿ ಯಲ್ಲಾಪುರ ಸೇರುವವರೆಗೆ ಹಾಡು. ಅರಬೈಲು ಘಟ್ಟದ ತಿರುವುಗಳಲ್ಲಿ ಮೌನ. ಘಟ್ಟ ಮುಗಿದು ತೆಂಗಿನ ತೋಟಗಳು ಕಂಡೊಡನೆ ಗಾಳಿಯಲ್ಲಿ ಉಪ್ಪಿನ ವಾಸನೆಯನ್ನು ಮೊದಲು ಹಿಡಿದವಳು ತಾನೆಂದು ಇಬ್ಬರು ಹುಡುಗಿಯರಲ್ಲಿ ವಾದವೇ ನಡೆಯಿತು.

ಅವರು ಸೇರಬೇಕಾಗಿದ್ದುದು ಗೋಕರ್ಣ. ರಾವಣನ ಕೈಯಿಂದ ಆತ್ಮಲಿಂಗವನ್ನು ಪಡೆದು ಬಾಲಗಣಪತಿ ನೆಲಕ್ಕಿಳಿಸಿದನೆಂಬ ಕಥೆಯ ಗೋಕರ್ಣ. ಕಾಳಿದಾಸನ ‘ರಘುವಂಶ’ದ ಎಂಟನೆಯ ಸರ್ಗದಲ್ಲಿ ನಾರದನು ವೀಣೆ ಹಿಡಿದು ಆಕಾಶಮಾರ್ಗದಲ್ಲಿ ಹೋಗುತ್ತಿದ್ದುದು ದಕ್ಷಿಣ ಸಮುದ್ರದ ತೀರದ ಇದೇ ಗೋಕರ್ಣನಾಥನ ದರ್ಶನಕ್ಕೆ, ಆ ವೀಣೆಯಿಂದ ಜಾರಿದ ಮಾಲೆಯೇ ಇಂದುಮತಿಯ ಸಾವಿಗೆ ಕಾರಣವಾಯಿತು. ಮಹಾಬಲೇಶ್ವರನ ಗುಡಿ, ಕೋಟಿತೀರ್ಥಗಳನ್ನು ನೋಡಿ ಮುಗಿಸಿದ ತಂಡ ದಕ್ಷಿಣದ ಗುಡ್ಡಗಳ ಕಡೆಗೆ ತಿರುಗಿತು. ಅವರಿಗೆ ಬೇಕಾಗಿದ್ದುದು ಊರ ಮುಂದಿನ ತೀರವಲ್ಲ, ಗುಡ್ಡಗಳ ನಡುವೆ ಅಡಗಿರುವ ಕಾಡು ತೀರ.

ಗೋಕರ್ಣದ ದಕ್ಷಿಣಕ್ಕೆ ಗುಡ್ಡಗಳು ಒಂದರ ಹಿಂದೊಂದು ಕಡಲಿಗೆ ಮೂಗು ಚಾಚಿ ನಿಂತಿವೆ. ಎರಡು ಮೂಗುಗಳ ನಡುವೆ ಒಂದೊಂದು ಮರಳಿನ ಮಡಿಲು: ಮೊದಲು ಕುಡ್ಲೆ, ಆಮೇಲೆ ಓಂ, ಅದರಾಚೆಗೆ ಪ್ರವಾಸಿಗಳು ಹಾಫ್ ಮೂನ್, ಪ್ಯಾರಡೈಸ್ ಎಂದು ಹೆಸರಿಟ್ಟಿರುವ ಸಣ್ಣ ತೀರಗಳು. ಕೊನೆಯ ಎರಡನ್ನು ಸೇರಲು ಗುಡ್ಡದ ಕಾಲುದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿಯಲ್ಲಿ ಹೋಗಬೇಕು. ಗುಡ್ಡಗಳ ಮೈಯೆಲ್ಲ ಕೆಂಪು ಚಿರೆಕಲ್ಲು. ನೆಲದೊಳಗಿರುವಾಗ ಕತ್ತರಿಸಲು ಬರುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲು ತಾಕಿದೊಡನೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನು ಫ್ರಾನ್ಸಿಸ್ ಬುಕನನ್. 1800ರಲ್ಲಿ ಮಲಬಾರಿನಲ್ಲಿ ಅದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಆ ಹೆಸರನ್ನು ಬಳಸಿದ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಓಂ ತೀರಕ್ಕೆ ಆ ಹೆಸರು ಬಂದುದು ಆಕಾರದಿಂದ. ಎರಡು ಅರ್ಧವೃತ್ತಗಳು ನಡುವಿನ ಬಂಡೆಗಳ ಬಳಿ ಕೂಡುತ್ತವೆ. ಗುಡ್ಡದ ಮೇಲಿನಿಂದ ನೋಡುವವರಿಗೆ ಮರಳಿನ ಮೇಲೆ ಬರೆದ ಓಂಕಾರವೇ ಕಾಣುತ್ತದೆ. ತಂಡ ಅಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಮೊದಲ ಬಾರಿ ಕಡಲನ್ನು ಕಂಡವರು ಹದಿನೆಂಟು ಮಂದಿ. ಕೆಲವರು ಕೂಗಿದರು, ಕೆಲವರು ಕೈಮುಗಿದರು. ಒಬ್ಬಳು ಮಾತ್ರ ನೀರನ್ನು ಬೊಗಸೆಯಲ್ಲೆತ್ತಿ ನಾಲಗೆಗೆ ಮುಟ್ಟಿಸಿ, “ಖರೇನ ಉಪ್ಪೈತಿ!” ಎಂದು ನಕ್ಕಳು.

ಸಿಪ್ಪೆ ಕಲಿಸಿದ ಪಾಠ

ಸ್ನಾನಕ್ಕೆ ಸ್ಥಳವನ್ನು ಆರಿಸುವ ಪ್ರಶ್ನೆ ಬಂದಿತು. ನವಲಗುಂದದ ಕಡೆಯ ಒಬ್ಬ ಯುವಕ ಎಲ್ಲರಿಗಿಂತ ಮುಂದೆ ನಿಂತ. ಕೆರೆಯಲ್ಲಿ, ಕಾಲುವೆಯಲ್ಲಿ ಎಂಟನೆಯ ವಯಸ್ಸಿನಿಂದ ಈಜಿದವನು. ಗೆಳೆಯರಲ್ಲಿ ಮೀನೆಂದೇ ಹೆಸರು ಪಡೆದವನು. ಅವನು ತೀರವನ್ನೆಲ್ಲ ಒಮ್ಮೆ ನೋಡಿದ. ಎಡಕ್ಕೂ ಬಲಕ್ಕೂ ಅಲೆಗಳು ನೊರೆ ಕಾರುತ್ತ ಮುರಿಯುತ್ತಿದ್ದವು. ಬಂಡೆಗಳ ಪಕ್ಕದಲ್ಲಿ ಮಾತ್ರ ಒಂದು ಓಣಿಯಷ್ಟು ಅಗಲಕ್ಕೆ ನೊರೆಯಿರಲಿಲ್ಲ. ಅಲ್ಲಿ ನೀರು ಕಡುಹಸುರಾಗಿ, ಸಮತಲವಾಗಿ, ಕೆರೆಯ ನೀರಿನಂತೆಯೇ ತೋರಿತು.

“ಇಲ್ಲೇ ಇಳಿಯೂಣ್ರಿ ಸರ. ಇಲ್ಲಿ ತೆರಿ ಏಳವಲ್ಲವು, ನೀರು ಸುಮ್ನ ನಿಂತಾವ.”

ಉಪನ್ಯಾಸಕರಿಗೂ ಅದು ಸರಿಯೆನಿಸಿತು. ಅಲೆಯಿರುವ ಕಡೆಗಿಂತ ಅಲೆಯಿಲ್ಲದ ಕಡೆ ಕ್ಷೇಮವಲ್ಲವೆ? ಬುದ್ಧಿವಂತರಾದ ಯಾರಿಗಾದರೂ ಹಾಗೆಯೇ ತೋರುವುದು. ಎಂಟು ಹತ್ತು ಹುಡುಗರು ಅಂಗಿ ಕಳಚಿ ಸಿದ್ಧರಾದರು.

ದೋಣಿಯೊಂದರ ನೆರಳಿನಲ್ಲಿ ಕುಳಿತು ಬಲೆಯ ಹರಕನ್ನು ಕಟ್ಟುತ್ತಿದ್ದ ಒಬ್ಬ ವೃದ್ಧ ಎದ್ದು ಬಂದುದು ಆಗ. ತಲೆಗೆ ಸುತ್ತಿದ ಪಂಚೆ, ಉಪ್ಪುನೀರು ಬಿಸಿಲುಗಳಲ್ಲಿ ಕಪ್ಪಾಗಿ ಬಲಿತ ಮೈ. ಆ ಕರಾವಳಿಯಲ್ಲಿ ಮೀನು ಹಿಡಿದು ಬದುಕುವ ಹರಿಕಂತ್ರರ ಪೈಕಿ.

“ಅಲ್ಲಿ ಬೇಡ ತಮಾ,” ಎಂದ. “ಅದು ಕಡಲಿನ ಬಾಗಿಲು. ಬಂದ ನೀರು ತಿರುಗಿ ಹೋಗೂದು ಅಲ್ಲೇ.”

ಯುವಕನಿಗೆ ನಂಬಿಕೆ ಬರಲಿಲ್ಲ. “ನನಗ ಈಜು ಬರ್ತೈತಿ ಅಜ್ಜಾರ,” ಎಂದು ವಿನಯದಿಂದಲೇ ಹೇಳಿದ. ವೃದ್ಧ ವಾದಿಸಲಿಲ್ಲ. ಮರಳಿನ ಮೇಲೆ ಬಿದ್ದಿದ್ದ ಒಣಗಿದ ತೆಂಗಿನಕಾಯಿ ಸಿಪ್ಪೆಯೊಂದನ್ನೆತ್ತಿ ಆ ಶಾಂತವಾದ ನೀರಿನೊಳಕ್ಕೆ ಎಸೆದ. ಇನ್ನೊಂದನ್ನು ಪಕ್ಕದಲ್ಲಿ ಅಲೆಗಳು ಮುರಿಯುವ ಕಡೆಗೆ ಎಸೆದ.

ಎಲ್ಲರೂ ನೋಡುತ್ತ ನಿಂತರು. ಅಲೆಗಳ ನಡುವೆ ಬಿದ್ದ ಸಿಪ್ಪೆ ಎರಡು ಬಾರಿ ಮುಳುಗಿ ಎದ್ದು, ಮೂರನೆಯ ಅಲೆಯೊಡನೆ ಅವರ ಕಾಲ ಬಳಿಗೇ ಬಂದು ಬಿದ್ದಿತು. ಶಾಂತವಾದ ನೀರಿನಲ್ಲಿ ಬಿದ್ದ ಸಿಪ್ಪೆ ಅಲುಗಾಡಲೂ ಇಲ್ಲ, ಮುಳುಗಲೂ ಇಲ್ಲ. ಸುಮ್ಮನೆ ಹೊರಟಿತು, ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ ನೇರವಾಗಿ ಪಡುವಣದ ಕಡೆಗೆ. ನೋಡನೋಡುತ್ತಿದ್ದಂತೆ ಬಂಡೆಗಳನ್ನು ದಾಟಿತು, ಅಲೆಗಳು ಏಳುವ ಗೆರೆಯನ್ನೂ ದಾಟಿತು. ಕೆಲವು ನಿಮಿಷಗಳಲ್ಲಿ ಒಂದು ಕಪ್ಪು ಚುಕ್ಕೆ ಮಾತ್ರ ಉಳಿಯಿತು. ಆ ಯುವಕ ತನ್ನ ಅಂಗಿಯನ್ನು ಮತ್ತೆ ತೊಟ್ಟುಕೊಂಡ. ಅವನಿಗೆ ಬೇರೆ ಯಾರೂ ಏನನ್ನೂ ಹೇಳಬೇಕಾಗಲಿಲ್ಲ.

ಸೆಳವಿನ ಗುಟ್ಟು

ವೃದ್ಧ ಬಾಗಿಲು ಎಂದುದನ್ನು ವಿಜ್ಞಾನಿಗಳು ‘ರಿಪ್ ಕರೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ಸೆಳವು ಎಂದರೆ ಸಾಕು. ಅದರ ಕ್ರಮ ಹೀಗೆ: ಅಲೆಗಳು ಮುರಿಯುವಾಗಲೆಲ್ಲ ನೀರನ್ನು ದಡದ ಕಡೆಗೆ ತಳ್ಳುತ್ತಲೇ ಇರುತ್ತವೆ. ಹಾಗೆ ರಾಶಿಬಿದ್ದ ನೀರು ಹಿಂದಿರುಗಲೇಬೇಕು. ದಡದ ಮುಂದೆ ನೀರಿನಡಿಯಲ್ಲಿ ಮರಳಿನ ದಿಣ್ಣೆಗಳಿರುತ್ತವೆ. ನೀರು ಆ ದಿಣ್ಣೆಗಳ ನಡುವಿನ ಸಂದನ್ನು ಹುಡುಕಿ, ಅಥವಾ ಬಂಡೆ, ಗುಡ್ಡದ ಮೂಗುಗಳ ಪಕ್ಕವನ್ನು ಹಿಡಿದು, ಕಿರಿದಾದ ಹೊಳೆಯಾಗಿ ಕಡಲಿಗೆ ಹರಿಯುತ್ತದೆ. ಹರಿದಂತೆಲ್ಲ ತಳದ ಮರಳನ್ನು ಕೊರೆಯುತ್ತದೆ. ಕೊರೆದಂತೆಲ್ಲ ಆಳ ಹೆಚ್ಚುತ್ತದೆ. ಆಳವಾದ ಕಡೆ ಅಲೆ ಮುರಿಯುವುದಿಲ್ಲ, ನೊರೆಯೂ ಏಳುವುದಿಲ್ಲ. ಆದ್ದರಿಂದಲೇ ಅದು ಶಾಂತವಾಗಿ ತೋರುತ್ತದೆ. ಕಣ್ಣಿಗೆ ಅಭಯ ಕೊಡುವ ಲಕ್ಷಣವೇ ಅಪಾಯದ ಗುರುತು.

ಈ ಹೊಳೆಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಎಂದರೆ ನಿಮಿಷಕ್ಕೆ ಮೂವತ್ತು ಮೀಟರು. ಕಡಲು ಬಿರುಸಾದಾಗ ಸೆಕೆಂಡಿಗೆ ಎರಡು ಮೀಟರನ್ನೂ ಮೀರುವುದುಂಟು. ಒಲಿಂಪಿಕ್ ಈಜುಗಾರನೂ ಅಷ್ಟು ವೇಗವನ್ನು ಬಹಳ ಹೊತ್ತು ಕಾಯ್ದುಕೊಳ್ಳಲಾರ. ಹೀಗಿರುವಾಗ ಕೆರೆಯ ಈಜು ಎದುರು ನಿಲ್ಲುವುದೆಂತು? ಕೆರೆಯಲ್ಲಿ ಕಲಿತವನಿಗೆ ದಡ ತಪ್ಪಿದರೆ ದಡದ ಕಡೆಗೇ ಈಜಬೇಕೆಂಬುದು ರಕ್ತಗತವಾಗಿರುತ್ತದೆ. ಸೆಳವಿನಲ್ಲಿ ಅದೇ ಮೃತ್ಯುವಿನ ಹಾದಿ.

ಸೆಳವು ಮನುಷ್ಯನನ್ನು ಅಡಿಗೆ ಎಳೆಯುವುದಿಲ್ಲ. ಹೊರಗೆ ಒಯ್ಯುತ್ತದೆ, ಅಷ್ಟೆ. ಅಲೆಗಳು ಮುರಿಯುವ ಗೆರೆಯನ್ನು ದಾಟಿದ ಮೇಲೆ ಅದರ ಬಲ ತಗ್ಗುತ್ತದೆ. ಜನ ಸಾಯುವುದು ಅದರೊಡನೆ ಹೋರಾಡಿ ದಣಿದು. ಸಿಕ್ಕಿಬಿದ್ದವನು ಮೊದಲು ಮಾಡಬೇಕಾದುದು ಗಾಬರಿಯನ್ನು ಬಿಟ್ಟು, ಬೆನ್ನ ಮೇಲೆ ಮಲಗಿ ತೇಲುವುದು. ಉಪ್ಪುನೀರು ಸಿಹಿನೀರಿಗಿಂತ ಚೆನ್ನಾಗಿ ಎತ್ತಿಹಿಡಿಯುತ್ತದೆ. ಕೈಯೆತ್ತಿ ಬೀಸಿ ನೆರವನ್ನು ಕೇಳಬೇಕು. ಈಜಬಲ್ಲವನಾದರೆ ದಡಕ್ಕೆ ಅಭಿಮುಖವಾಗಿ ಅಲ್ಲ, ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜಿ, ನೊರೆಯ ಅಲೆಗಳನ್ನು ಸೇರಿ, ಅವುಗಳ ಬೆನ್ನೇರಿ ದಡಕ್ಕೆ ಬರಬೇಕು. ದಡದಲ್ಲಿರುವವರು ಅವನ ಹಿಂದೆ ನೀರಿಗೆ ಹಾರಬಾರದು. ಹಗ್ಗ, ಖಾಲಿ ಡಬ್ಬಿ, ಗಾಳಿ ತುಂಬಿದ ಟ್ಯೂಬು, ತೇಲುವ ಯಾವುದನ್ನಾದರೂ ಎಸೆಯಬೇಕು. ಜೀವರಕ್ಷಕರನ್ನೂ ಮೀನುಗಾರರನ್ನೂ ಕೂಗಬೇಕು. 112ಕ್ಕೆ ಕರೆ ಮಾಡಬೇಕು. ಗೆಳೆಯನನ್ನು ಉಳಿಸಲು ಬರಿಗೈಯಲ್ಲಿ ಹಾರಿದವರೇ ಎರಡನೆಯ, ಮೂರನೆಯ ಬಲಿಯಾದ ಪ್ರಸಂಗಗಳು ಎಲ್ಲ ಕರಾವಳಿಗಳಲ್ಲಿಯೂ ಉಂಟು.

ಇದೆಲ್ಲ ಬರಿಯ ಪಾಠವಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ಉತ್ತರ ಕನ್ನಡದ ಮುರ್ಡೇಶ್ವರದಲ್ಲಿ, 2024ರ ಡಿಸೆಂಬರ್ ತಿಂಗಳಿನಲ್ಲಿ, ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಕಡಲಿನ ಪಾಲಾದರು. ಒಣನಾಡಿನಿಂದ ಬಂದ ಮಕ್ಕಳು; ಕಡಲನ್ನು ನೋಡಬೇಕೆಂಬ ಆಸೆಯೊಂದನ್ನೇ ಕಟ್ಟಿಕೊಂಡು ಬಂದವರು. ಮನೆಯವರು ಬುತ್ತಿ ಕಟ್ಟಿ ಕಳಿಸಿದ ಮಕ್ಕಳು ಹಿಂದಿರುಗಿ ಬರಲಿಲ್ಲ. ಆ ಸುದ್ದಿಯನ್ನು ಓದಿದ ಯಾವ ತಾಯಿಯ ಕೈಯಾದರೂ ಪ್ರವಾಸದ ಅನುಮತಿ ಪತ್ರಕ್ಕೆ ರುಜು ಹಾಕುವಾಗ ನಡುಗಿದ್ದರೆ ಆಶ್ಚರ್ಯವಿಲ್ಲ.

ಮರಳಿನ ಮೇಲಿನ ಬರಹ

ಆ ದಿನ ತಂಡ ನೀರಿಗಿಳಿದುದು ವೃದ್ಧ ತೋರಿಸಿದ ಕಡೆ. ಅಲೆ ಮುರಿದು ನೊರೆಯಾಗಿ ಬರುವ, ಅಡಿ ಸಮವಾಗಿರುವ ಕಡೆ. ಸೊಂಟದ ಮೇಲಕ್ಕೆ ಯಾರೂ ಹೋಗಬಾರದು, ಇಬ್ಬಿಬ್ಬರು ಜೊತೆಯಾಗಿರಬೇಕು, ಕಾಲು ಗಂಟೆಗೊಮ್ಮೆ ತಲೆಯೆಣಿಕೆ. ಅಷ್ಟು ಕಟ್ಟಳೆಗಳಿದ್ದೂ ನಗೆಗೆ ಕೊರತೆಯಾಗಲಿಲ್ಲ. ಅಲೆಯೊಂದು ಉಪನ್ಯಾಸಕರೊಬ್ಬರನ್ನು ಅಂಗಾತ ಬೀಳಿಸಿದಾಗ ಮೂವತ್ತನಾಲ್ಕು ಕಂಠಗಳೂ ಒಂದಾದವು.

ವೃದ್ಧನ ಮಾತಿನಿಂದ ತಂಡದವರ ಕಣ್ಣು ತೆರೆದಿತ್ತು. ತೀರವನ್ನು ಓದಬಹುದೆಂದು ತಿಳಿದ ಮೇಲೆ ಅವರು ಎಲ್ಲವನ್ನೂ ಓದತೊಡಗಿದರು. ಅಂದು ಅಷ್ಟಮಿ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರು ಒಂದೇ ಗೆರೆಯಲ್ಲಿ ನಿಂತು ಕಡಲನ್ನು ಸೆಳೆಯುವುದರಿಂದ ಉಬ್ಬರ ಇಳಿತಗಳು ಹಿರಿದಾಗುತ್ತವೆ. ಅಷ್ಟಮಿಯ ಸುಮಾರಿಗೆ ಅವು ಕಿರಿದಾಗುತ್ತವೆ. ಪಂಚಾಂಗವನ್ನು ನೋಡದ ಮೀನುಗಾರನಿಲ್ಲವೆಂಬುದರ ಅರ್ಥ ಬಸ್ಸಿನಲ್ಲಿ ಬಂದವರಿಗೆ ಆಗ ಹೊಳೆಯಿತು. ದಿನಕ್ಕೆರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಚಂದ್ರೋದಯ ತಡವಾಗುವುದೂ ಸರಾಸರಿಗೆ ಅಷ್ಟೇ.

ಮಧ್ಯಾಹ್ನದ ಊಟವಾದ ಮೇಲೆ ಗುಡ್ಡದ ಕಾಲುದಾರಿ ಹಿಡಿದು ಅರ್ಧಚಂದ್ರದ ತೀರಕ್ಕೆ ನಡೆದರು. ಅಲ್ಲಿ ಜನವಿರಲಿಲ್ಲ. ಮರಳಿನ ಅಂಚಿನಲ್ಲಿ ಅಡುಂಬು ಬಳ್ಳಿ ಹಬ್ಬಿತ್ತು. ಮೇಕೆಯ ಗೊರಸಿನಂತೆ ಸೀಳಿದ ಎಲೆ, ನೇರಿಳೆಗೆಂಪು ಹೂವು. ಅಂದಕ್ಕಿಂತ ಅದರ ಕೆಲಸ ದೊಡ್ಡದು: ಗಂಟುಗಂಟಿನಲ್ಲಿಯೂ ಬೇರು ಬಿಟ್ಟು ಹಾರುವ ಮರಳನ್ನು ಹಿಡಿದು ನಿಲ್ಲಿಸುತ್ತದೆ. ಮಳೆಗಾಲದ ಕಡಲು ತೀರದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ. ಅಲೆಗಳು ಸೌಮ್ಯವಾದ ಮೇಲೆ ಸ್ವಲ್ಪಸ್ವಲ್ಪವಾಗಿ ತಂದು ಹಾಕುತ್ತದೆ. ಬಳ್ಳಿಯನ್ನು ಕಿತ್ತ ಕಡೆ ತಂದುದು ನಿಲ್ಲುವುದಿಲ್ಲ.

ಒದ್ದೆ ಮರಳಿನ ಮೇಲೆ ರಂಗವಲ್ಲಿ ಹಾಕಿದಂತೆ ಸಾಸಿವೆಗಿಂತ ತುಸು ದೊಡ್ಡ ಮರಳುಂಡೆಗಳು ಹರಡಿದ್ದವು. ಅವನ್ನು ಮಾಡಿದವು ಬೆರಳಿನ ತುದಿಯಷ್ಟಿರುವ ಏಡಿಗಳು. ನೀರು ಇಳಿದೊಡನೆ ಬಿಲದಿಂದ ಹೊರಬಂದು, ಮರಳನ್ನು ಬಾಯಿಗಿಟ್ಟು, ಅದಕ್ಕಂಟಿದ ಸೂಕ್ಷ್ಮ ಆಹಾರವನ್ನು ಹೀರಿ, ಉಳಿದುದನ್ನು ಉಂಡೆ ಕಟ್ಟಿ ಎಸೆಯುತ್ತವೆ. ಮುಂದಿನ ಉಬ್ಬರ ಬಂದು ಎಲ್ಲವನ್ನೂ ಅಳಿಸುತ್ತದೆ. ಮುಂದಿನ ಇಳಿತದಲ್ಲಿ ಮತ್ತೆ ಬರಹ. ಮೇಲೆ ಗರುಡ ಪಕ್ಷಿಯೊಂದು ರೆಕ್ಕೆಯಲುಗಿಸದೆ ಸುತ್ತುತ್ತಿತ್ತು.

ಚಳಿಗಾಲದ ರಾತ್ರಿಗಳಲ್ಲಿ ಈ ಕರಾವಳಿಯ ಕೆಲವು ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಏಳೆಂಟು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಮರಳು ಹೆಚ್ಚು ಬೆಚ್ಚಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಅವುಗಳ ಹೆಸರಿದೆ. ಇದನ್ನು ಉಪನ್ಯಾಸಕಿ ಹೇಳುತ್ತಿದ್ದಂತೆಯೇ, ಊಟದ ಪ್ಲಾಸ್ಟಿಕ್ ಚೀಲವನ್ನು ಬಂಡೆಯ ಸಂದಿಗೆ ತುರುಕಿದ್ದ ಹುಡುಗ ಮೆಲ್ಲನೆ ಎದ್ದುಹೋಗಿ ಅದನ್ನು ತಂದು ತನ್ನ ಜೋಳಿಗೆಗೆ ಹಾಕಿಕೊಂಡ.

ಆ ಗುಡ್ಡಗಳ ದಕ್ಷಿಣಕ್ಕೆ ಅಘನಾಶಿನಿ ಕಡಲನ್ನು ಸೇರುತ್ತದೆ. ದೊಡ್ಡ ಅಣೆಕಟ್ಟುಗಳ ತಡೆಯಿಲ್ಲದೆ ಸಿರಸಿಯ ಕಡೆಯಿಂದ ಹರಿದುಬರುವ ಹೊಳೆ ಅದು. ಅದರ ಅಳಿವೆಯ ಕೆಸರಿನಲ್ಲಿ ಚಿಪ್ಪಿಕಲ್ಲು ಆಯ್ದು ಅನೇಕ ಕುಟುಂಬಗಳು ಬದುಕುತ್ತವೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಅಲ್ಲಿಯ ಗಜನಿ ಗದ್ದೆಗಳದು. 2024ರಲ್ಲಿ ಆ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿಕೊಂಡಿತು.

ವೃದ್ಧನ ಲೆಕ್ಕ

ಸಂಜೆ ಹೊರಡುವ ಮುನ್ನ ವಿದ್ಯಾರ್ಥಿಗಳು ವೃದ್ಧನ ಸುತ್ತ ಕುಳಿತು ಮಾತನಾಡಿಸಿದರು. ತನ್ನ ಹರೆಯದಲ್ಲಿ ರಂಪಣಿ ಎಳೆದುದನ್ನು ಅವನು ಹೇಳಿದ. ನೂರಾರು ಮೀಟರು ಉದ್ದದ ಬಲೆ. ದೋಣಿಯಲ್ಲಿ ಒಯ್ದು ಕಮಾನಾಗಿ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಎಳೆಯಬೇಕು. ಬಂಗಡೆ, ತಾರಲೆ ರಾಶಿಬಿದ್ದ ದಿನ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆಯನ್ನು ತಂದು ಮೀನಿನ ಹಿಂಡನ್ನು ಆಳದಲ್ಲಿಯೇ ಸುತ್ತುವರಿದ ಮೇಲೆ ದೊಡ್ಡ ರಂಪಣಿಯ ಕಾಲ ಮುಗಿಯಿತು. ಸಣ್ಣ ಕೈರಂಪಣಿ ಉಳಿದುಕೊಂಡಿತು.

ಕಡಲಿಗೆ ಹೆದರಿಕೆಯಾಗುವುದಿಲ್ಲವೇ ಎಂದು ಒಬ್ಬಳು ಕೇಳಿದಳು.

“ಹೆದರಿಕೆ ಅಲ್ಲ ತಂಗಿ, ಲೆಕ್ಕ,” ಎಂದ ವೃದ್ಧ. “ಇವತ್ತು ಬೇಡ ಅಂತ ಕಡಲು ಹೇಳ್ತದೆ. ಕೇಳೂದು ನಮ್ಮ ಕೆಲಸ.”

ಆ ಲೆಕ್ಕ ಅವನೊಬ್ಬನದಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಅರುವತ್ತೊಂದು ದಿನ ಯಂತ್ರದ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನಿನ ಸಂತಾನಕ್ಕಾಗಿ ಮಾಡಿದ ಕಟ್ಟಳೆ ಅದು. ಬಿರುಗಾಳಿಯ ಕಡಲಿನಿಂದ ಮನುಷ್ಯರನ್ನೂ ಅದು ಕಾಯುತ್ತದೆ. ಬದುಕಿನುದ್ದಕ್ಕೂ ಕಡಲಿನ ಮೇಲಿದ್ದವರೇ ದಡದಲ್ಲಿ ಕುಳಿತು ಕಾಯುವ ದಿನಗಳಲ್ಲಿ ಪ್ರವಾಸಿಗೆ ನೀರಿನಲ್ಲೇನು ಕೆಲಸ?

ಬಸ್ಸು ಘಟ್ಟವೇರುವಾಗ ಕತ್ತಲಾಗಿತ್ತು. ಬೆಳಿಗ್ಗೆ ಹತ್ತಿದವರು ಮೂವತ್ತೇಳು ಮಂದಿ, ಎಣಿಸಿದಾಗಲೂ ಮೂವತ್ತೇಳು. ಆ ನವಲಗುಂದದ ಯುವಕ ಕಿಟಕಿಯ ಪಕ್ಕ ಕುಳಿತು, ಅಕ್ಕಪಕ್ಕದವರಿಗೆ ಸೆಳವಿನ ಗುರುತುಗಳನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದ: ನೊರೆಯ ನಡುವೆ ಕಪ್ಪಾದ ಓಣಿ, ಕಲಕಿದ ಮರಳಿನ ಬಣ್ಣ, ಹೊರಕ್ಕೆ ತೇಲಿಹೋಗುವ ಎಲೆ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ಹೆದರಿ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವುದು ಪರಿಹಾರವಲ್ಲ. ಕಡಲನ್ನು ಕಾಣದೆ ಬೆಳೆಯುವುದೂ ಒಂದು ನಷ್ಟವೇ. ಮುಂದಿನ ಸಲ ಮಗನೋ ಮಗಳೋ ಅನುಮತಿ ಪತ್ರವನ್ನು ತಂದಾಗ ಕೆಲವು ಪ್ರಶ್ನೆಗಳನ್ನು ಕೇಳಿರಿ. ಯಾವ ತಿಂಗಳು? ಮಳೆಗಾಲವಲ್ಲವಷ್ಟೆ? ಯಾವ ತೀರ? ಅಲ್ಲಿ ಜೀವರಕ್ಷಕರುಂಟೆ? ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದೆಂದು ಬಲ್ಲಿರಾ? ತಲೆಯೆಣಿಸುವವರು ಯಾರು? ಹಗ್ಗ, ಟ್ಯೂಬುಗಳು ಬಸ್ಸಿನಲ್ಲಿವೆಯೆ? ಆಮೇಲೆ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ತೆಂಗಿನ ಸಿಪ್ಪೆಯನ್ನಿಟ್ಟು, ಶಾಂತವಾದ ನೀರಿಗೆ ಬಿದ್ದದ್ದು ಎಲ್ಲಿಗೆ ಹೋಯಿತೆಂಬ ಕಥೆಯನ್ನು ಹೇಳಿರಿ. ಬುತ್ತಿ ಕಟ್ಟುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಬಹುದಾದ ಕಥೆ ಅದು; ರುಜುವನ್ನು ಅದಾದ ಮೇಲೆ ಹಾಕಿರಿ.